ಸುಣ್ಣ ಹಚ್ಚಿದ ಚೌಕ

ಹೋದ ತಿಂಗಳು ಧಾರವಾಡಕ್ಕೆ ಕರೆದಿದ್ದರು. ಕಾಡಿನ ಲೆಕ್ಕದ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿ ನಡೆದಿತ್ತು, ಹಳಬರೊಬ್ಬರು ಬಂದು ಎರಡು ಮಾತು ಹೇಳಲಿ ಎಂದು. ಹಳಬರ ಪೈಕಿ ಬಸ್ಸು ಹತ್ತಿ ಇಳಿಯುವ ಸ್ಥಿತಿಯಲ್ಲಿ ಉಳಿದವನು ನಾನೊಬ್ಬನೇ ಇರಬೇಕು. ಇಸ್ತ್ರಿ ಅಂಗಿ ತೊಟ್ಟು ಹಳೇ ಹುಬ್ಬಳ್ಳಿಯಿಂದ ಹೊರಟೆ. ಒಂದು ಗಂಟೆ ಕೊರೆದೆ. ಪಾಪ, ಹುಡುಗರು ಸಹಿಸಿಕೊಂಡರು. ಶಾಲು ಹೊದಿಸಿದರು, ಉಪ್ಪಿಟ್ಟು ಕೊಟ್ಟರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ರೇಣುಕಾ ಎಂದು ಹೆಸರು. ನವಲಗುಂದದ ಕಡೆಯವಳು, ಮರವೆಂದರೆ ಹೊಲದ ಬದುವಿನ ಜಾಲಿ ಎಂದಷ್ಟೇ ತಿಳಿದು ಬೆಳೆದ ಎರೆಸೀಮೆಯ ಹುಡುಗಿ.

“ಸರ್, ನಿಮ್ಮ ಇಷ್ಟು ವರ್ಷದ ಸರ್ವಿಸಿನ್ಯಾಗ ಒಮ್ಮೆರೆ ತಪ್ಪು ಲೆಕ್ಕಾ ಕೊಟ್ಟೀರೇನ್ರಿ? ಗೊತ್ತಿದ್ದೂ?”

“ಇಲ್ಲವ್ವಾ,” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದು ಸುಳ್ಳು. ಒಂದು ಸಲ ಕೊಟ್ಟಿದ್ದೇನೆ, ಗೊತ್ತಿದ್ದೂ ಕೊಟ್ಟಿದ್ದೇನೆ. ಆ ಲೆಕ್ಕ ಅಂದಿಗೂ ದಫ್ತರದಲ್ಲಿ ಕುಳಿತಿತ್ತು. ಅದನ್ನು ಆಧಾರ ಮಾಡಿಕೊಂಡು ಈ ಹುಡುಗರು ಮುಂದಿನ ಲೆಕ್ಕ ಹಾಕಲಿದ್ದರು. ಮನೆಗೆ ಬರುವ ದಾರಿಯಲ್ಲಿ ಕೊರಳಲ್ಲಿದ್ದ ಶಾಲು ಕಚ್ಚತೊಡಗಿತು, ತೆಗೆದು ಚೀಲದಲ್ಲಿ ತುರುಕಿದೆ. ಅಂದು ವೇದಿಕೆಯ ಮೇಲೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಳೆಯರು ಓದಿದರೆ ಅವರಿಗೇ ಒಳ್ಳೆಯದು. ಓದದಿದ್ದರೂ ನನಗೆ ಒಳ್ಳೆಯದು.

ನಮ್ಮ ಅಬ್ಬಾ ಹಳೇ ಹುಬ್ಬಳ್ಳಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಗರಗಸ ಎಳೆಯುತ್ತಿದ್ದರು. ಮತ್ತಿ, ಹೊನ್ನೆ, ನಂದಿ, ಸಾಗವಾನಿ ಎಲ್ಲವೂ ನನಗೆ ಮೊದಲು ಗೊತ್ತಾದದ್ದು ಹೊಟ್ಟಿನ ವಾಸನೆಯಿಂದ. ಮರ ಎಲೆ ಹೊತ್ತು ನಿಂತಿರುವುದನ್ನು ಸರಿಯಾಗಿ ನೋಡಿದ್ದು ನೌಕರಿ ಸಿಕ್ಕ ಮೇಲೆ. ಇಡೀ ದೇಶದಲ್ಲಿ ಎಷ್ಟು ಮರ ನಿಂತಿವೆ, ಯಾವ ಜಾತಿ, ಎಷ್ಟು ದಪ್ಪ, ಏನು ಬೆಳೆಯಿತು, ಏನು ಹೋಯಿತು ಎಂದು ಲೆಕ್ಕ ತೆಗೆಯುವ ಸರ್ವೆ ಅದು. ಕೆಲಸದ ಸುದ್ದಿ ಕೇಳಿ ಅಬ್ಬಾ ನಕ್ಕಿದ್ದರು. ಕಡಿಯದ ಮರವನ್ನು ಅಳೆಯಲು ಸರಕಾರ ಪಗಾರ ಕೊಡುತ್ತದೆ ಎಂಬುದರಲ್ಲಿ ಅವರಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

ನಮ್ಮ ಭಾಗದ ಸರ್ವೆಯ ನಕ್ಷೆ ಹಾಕಿದವರು ದೇಶಪಾಂಡೆ ಸಾಹೇಬರು. ಧಾರವಾಡದವರು, ತೆಳ್ಳಗೆ, ಸಿಟ್ಟು ಬಂದರೂ ‘ರಿ’ ಬಿಡದ ಮನುಷ್ಯ. ಮೊದಲ ದಿನ ನಮ್ಮನ್ನು ಕಾಡಿಗೆ ಒಯ್ಯುತ್ತಾರೆಂದು ಬೂಟು ಕಟ್ಟಿಕೊಂಡು ಬಂದರೆ ಜೀಪು ಅಮರಗೋಳದ ಮಾರುಕಟ್ಟೆಗೆ ಹೋಯಿತು. ಕಡಲೆ ಚೀಲಗಳ ಸಾಲಿನ ಮುಂದೆ ನಿಲ್ಲಿಸಿ, ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಚೂಪು ಕೊಳವೆಯನ್ನು ನನ್ನ ಕೈಗೆ ಕೊಟ್ಟರು.

“ಚೀಲದ ಬಾಯಾಗ ಎಂಥಾ ಛಲೋ ಕಡಲಿ ಅದ ನೋಡ್ರಿ. ಈಗ ಹೊಟ್ಟ್ಯಾಗ ಚುಚ್ಚಿ ತಗೀರಿ.”

ತೆಗೆದೆ. ಅರ್ಧ ಹುಳುಕು.

“ನೀವು ಎಲ್ಲಿ ಚುಚ್ಚತೀರಿ ಅನ್ನೋದು ಚೀಲದವಗ ಮೊದಲs ಗೊತ್ತಾದ್ರ ಅಲ್ಲೇ ಛಲೋ ಕಾಳು ತುಂಬಿ ಇಡ್ತಾನ. ನಮ್ಮ ಕೆಲಸಾನೂ ಇಷ್ಟ. ನಾವು ಕಾಡಿನಾಗ ಎಲ್ಲಿ ಅಳೀತೀವಿ ಅನ್ನೋದು ಕಾಯೋರಿಗೂ ಗೊತ್ತಾಗಬಾರದು, ಕಡಿಯೋರಿಗೂ ಗೊತ್ತಾಗಬಾರದು.”

ಎಲ್ಲ ಮರ ಅಳೆಯಲಾಗದು. ಅದಕ್ಕೆ ನಕ್ಷೆಯ ಮೇಲೆ ಗೆರೆ ಎಳೆದು, ಚುಕ್ಕೆ ಇಟ್ಟು, ಚುಕ್ಕೆ ಬಿದ್ದಲ್ಲಿ ಒಂದು ಚೌಕ ಹಾಕಿ, ಅದರೊಳಗಿನ ಮರ ಅಷ್ಟನ್ನೇ ಅಳೆಯುವುದು. ಆ ಚೌಕ ಸುತ್ತಲಿನ ಮೈಲಿಗಟ್ಟಲೆ ಕಾಡಿನ ಪರವಾಗಿ ಸಾಕ್ಷಿ ಹೇಳಬೇಕು. ಚೌಕ ಎಷ್ಟು ದೊಡ್ಡದಿರಬೇಕು ಎಂಬುದನ್ನು ಸಾಹೇಬರು ಕುರ್ಚಿಯಲ್ಲಿ ಕುಳಿತು ತೀರ್ಮಾನಿಸಲಿಲ್ಲ. ಒಂದು ಬೇಸಿಗೆಯೆಲ್ಲ ನಮ್ಮ ಜೊತೆ ಅಲೆದು ಬೇರೆಬೇರೆ ಅಳತೆಯ ಚೌಕ ಹಾಕಿಸಿ ನೋಡಿದರು. ತೀರ ಚಿಕ್ಕದಾದರೆ ಒಂದು ದೊಡ್ಡ ಮರ ಸಿಕ್ಕಿತೋ ಇಲ್ಲವೋ ಎಂಬ ಅದೃಷ್ಟದ ಮೇಲೆ ಲೆಕ್ಕ ನಿಲ್ಲುತ್ತದೆ. ತೀರ ದೊಡ್ಡದಾದರೆ ಮಧ್ಯಾಹ್ನದ ಹೊತ್ತಿಗೆ ಅಳೆಯುವವರು ದಣಿದು ಮರ ಬಿಡುತ್ತಾರೆ. ನಾವು ಯಾವ ಹೊತ್ತಿಗೆ ಆಕಳಿಸಲು ಶುರು ಮಾಡುತ್ತೇವೆ ಎಂಬುದನ್ನೂ ಅವರು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅಷ್ಟು ಶ್ರದ್ಧೆಯ ಸಾಹೇಬರು ಮತ್ತೆ ಸಿಗಲಿಲ್ಲ.

ಫಕೀರಪ್ಪನ ವಿಷಯಕ್ಕೆ ಬರುತ್ತೇನೆ. ಕಲಘಟಗಿ ದಾಟಿ ಕಾಡಂಚಿನ ಒಂದು ಹಳ್ಳಿಯವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಎಲೆ ಉದುರಿ ಬೋಳಾದ ಮರಕ್ಕೂ ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಿ ಹೆಸರು ಹೇಳುವವನು. ನಮ್ಮ ತಂಡಕ್ಕೆ ದಿನಗೂಲಿಯ ಮೇಲೆ ಬಂದವನು ವರ್ಷಗಟ್ಟಲೆ ಉಳಿದ. ನಾನು ಅವನನ್ನು ಫಕೀರಪ್ಪ ಎನ್ನುತ್ತಿದ್ದೆ, ಅವನು ನನ್ನನ್ನು ಸಾಬ್ರ ಎನ್ನುತ್ತಿದ್ದ. ಕಾಡಿನಲ್ಲಿ ಅವನೇ ಸಾಹೇಬ, ನಾನು ಅವನ ಹಿಂದೆ ನಡೆಯುವವನು.

ನಮ್ಮ ಹತ್ತಿರ ನಾಲ್ಕೂವರೆ ಅಡಿಯ ಒಂದು ಕೋಲು ಇತ್ತು. ಮರದ ಸುತ್ತಳತೆಯನ್ನು ನೆಲದಿಂದ ಅಷ್ಟು ಎತ್ತರದಲ್ಲೇ ತೆಗೆಯಬೇಕು, ಎದೆಮಟ್ಟ ಎಂದು ಅದರ ಹೆಸರು. ಒಬ್ಬೊಬ್ಬರ ಎದೆ ಒಂದೊಂದು ಎತ್ತರದಲ್ಲಿರುವುದರಿಂದ ಕೋಲು ಬೇಕು. ಒಂದು ಸಲ ವಾರದ ಹಾಳೆಗಳನ್ನು ನೋಡುತ್ತ ದೇಶಪಾಂಡೆ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹೇಳಿದರು.

“ಇಮಾಮಸಾಬ್, ನಿಮ್ಮ ಕಾಡು ಸೋಮವಾರದಿಂದ ದಪ್ಪ ಆಗೇದಲ್ರಿ.”

ಕೋಲು ತರಿಸಿ ಟೇಪು ಹಿಡಿದರೆ ನಾಲ್ಕು ಬೆರಳು ಗಿಡ್ಡ. ಭಾನುವಾರ ಸಂಜೆ ರೊಟ್ಟಿ ಬಡಿಯುವಾಗ ಫಕೀರಪ್ಪ ಅದರಿಂದಲೇ ಒಲೆಯ ಕೆಂಡ ಕೆದಕಿದ್ದ. ತುದಿ ಸುಟ್ಟಿತ್ತು, ಮಸಿ ಕಾಣಬಾರದೆಂದು ಕುಡಗೋಲಿನಿಂದ ಅಚ್ಚುಕಟ್ಟಾಗಿ ಕತ್ತರಿಸಿಬಿಟ್ಟಿದ್ದ. ಕೆಳಗಿಳಿದಷ್ಟೂ ಮರ ದಪ್ಪ ತಾನೇ. ವಾರದ ಚೌಕಗಳಿಗೆಲ್ಲ ಮತ್ತೆ ಹೋಗಿ ಅಳೆದು ಬಂದೆವು. ದಾರಿಯುದ್ದಕ್ಕೂ ನಾನು ಬೈದೆ, ಅವನು ಮುಂದೆ ಮುಂದೆ ನಡೆಯುತ್ತ ನಕ್ಕ.

“ಕಾಡು ದಪ್ಪ ಆದ್ರ ಛಲೋನs ಅಲ್ಲೇನ್ರಿ ಸಾಬ್ರ?”

ಆ ದಿನಗಳು ಬೇಕೆನಿಸುತ್ತವೆ. ಮುಚ್ಚಿಟ್ಟು ಹೇಳುವುದೇನಿದೆ, ತುಂಬ ಬೇಕೆನಿಸುತ್ತವೆ. ಬೆಳಗಿನ ಇಬ್ಬನಿಗೆ ಮೊಣಕಾಲತನಕ ಪ್ಯಾಂಟು ಒದ್ದೆಯಾಗುತ್ತಿತ್ತು. ಹಳ್ಳದ ನೀರಿನಲ್ಲಿ ಮುಖ ತೊಳೆದು, ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಎಣ್ಣೆ ಕಲಸಿಕೊಂಡು ಬಂಡೆಯ ಮೇಲೆ ಕುಳಿತು ತಿನ್ನುತ್ತಿದ್ದೆವು. ಈಗ ಮನೆಯಲ್ಲಿ ಅದೇ ರೊಟ್ಟಿ, ಅದೇ ಚಟ್ನಿ. ನನ್ನ ಬೀಬಿಯ ಕೈಗುಣ ಫಕೀರಪ್ಪನದಕ್ಕಿಂತ ನೂರು ಪಾಲು ಮೇಲು. ಆದರೂ ಎರಡು ತುತ್ತಿಗೆ ಸಾಕೆನಿಸುತ್ತದೆ. ಪೇಟೆಗೆ ಹೋದರೂ ಬೇವಿನ ಮರ ಕಂಡಲ್ಲಿ ಕಣ್ಣು ತಾನಾಗಿ ಎದೆಮಟ್ಟಕ್ಕೆ ಹೋಗಿ ಸುತ್ತಳತೆ ಅಂದಾಜು ಮಾಡುತ್ತದೆ. ಹುಬ್ಬಳ್ಳಿ ಧಾರವಾಡದ ರಸ್ತೆ ಅಗಲವಾದ ಮೇಲೆ ಆ ಚಟಕ್ಕೂ ಮರ ಸಾಲುವುದಿಲ್ಲ.

ಚೌಕಗಳಲ್ಲಿ ಎರಡು ಬಗೆ. ಒಂದು ಬಗೆಯದನ್ನು ಒಮ್ಮೆ ಅಳೆದು ಬಿಡುವುದು. ಇನ್ನೊಂದು ಕಾಯಂ ಚೌಕ. ಕೆಲವು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ ಅದೇ ಮರಗಳನ್ನು ಅಳೆದರೆ ಎಷ್ಟು ಬೆಳೆದವು, ಎಷ್ಟು ಹೋದವು ಎಂಬುದು ತಿಳಿಯುತ್ತದೆ. ಅದರ ನಡುವೆ ಒಂದು ಕಬ್ಬಿಣದ ಗೂಟವನ್ನು ನೆಲದ ಮಟ್ಟಕ್ಕಿಂತ ಕೆಳಗೆ ಬಡಿದು ಮಣ್ಣು ಮುಚ್ಚಬೇಕು. ಮರಕ್ಕೆ ಬಣ್ಣ ಹಚ್ಚುವ ಹಾಗಿಲ್ಲ, ಮೊಳೆ ಹೊಡೆಯುವ ಹಾಗಿಲ್ಲ. ಗುರುತು ಕಂಡರೆ ಜನ ಆ ಮರಗಳನ್ನು ಬೇರೆ ಥರ ನೋಡುತ್ತಾರೆ, ಆಮೇಲೆ ಚೌಕ ಸುತ್ತಲಿನ ಕಾಡಿನ ಸಾಕ್ಷಿಯಾಗಿ ಉಳಿಯುವುದಿಲ್ಲ. ಹಳ್ಳ ಕೂಡುವಲ್ಲಿಂದ ಇಂಥ ದಿಕ್ಕಿಗೆ ಇಷ್ಟು ದೂರ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು, ಮುಂದಿನ ಸಲ ದಿಕ್ಸೂಚಿ ಹಿಡಿದು ಟೇಪು ಎಳೆಯುತ್ತ ಹುಡುಕುವುದು, ಇಷ್ಟೇ ದಾರಿ.

ಫಕೀರಪ್ಪನ ಹಳ್ಳಿಯ ಹಿಂದಿನ ಗುಡ್ಡದಲ್ಲಿ ಅಂಥದೊಂದು ಕಾಯಂ ಚೌಕ ಬಿದ್ದಿತ್ತು. ಎರಡನೇ ಸಲ ಹೋದಾಗ ಗೂಟ ಸಿಗಲಿಲ್ಲ. ಮೂರು ದಿನ ಹುಡುಕಿದೆವು. ಹಳ್ಳ ತನ್ನ ದಾರಿ ಬದಲಿಸಿತ್ತು, ನಾವು ಅಳತೆ ಶುರು ಮಾಡುವ ಜಾಗವೇ ಸರಿದುಹೋಗಿತ್ತು. ಕೊನೆಗೆ ಫಕೀರಪ್ಪ ಒಂದು ಹೊನ್ನೆ ಮರದ ಬುಡದಲ್ಲಿ ಕುಳಿತು, ಹಿಂದಿನ ಸಲ ಇದರ ತೊಗಟೆಯಿಂದ ಕೆಂಪು ಹಾಲು ಸೋರಿ ನಿಮ್ಮ ಬಿಳೀ ಅಂಗಿಗೆ ಹತ್ತಿತ್ತು ಎಂದು ನೆನಪಿಸಿ, ಅಲ್ಲಿಂದ ಹತ್ತು ಹೆಜ್ಜೆ ನಡೆದು ಸಲಿಕೆ ಊರಿದ. ಠಣ್ ಎಂದಿತು.

ದಣಿದಿದ್ದೆ. ರೇಗಿತ್ತು. ಮುಂದಿನ ಸಲ ನಾನೂ ಇಲ್ಲದೆ ಇವನೂ ಇಲ್ಲದೆ ಯಾರಾದರೂ ಬಂದರೆ ಗತಿ ಏನು ಎಂದು ನೆಪ ಹುಡುಕಿದೆ. ನಿಜವಾದ ಕಾರಣ ಬೇರೆ ಇತ್ತು. ಆ ಜಾಗ ನನಗೆ ಅಷ್ಟು ಹಿಡಿಸಿತ್ತು. ನೂರಾರು ಚೌಕ ನೋಡಿದ್ದೇನೆ, ಅಳೆದು ಮರೆತಿದ್ದೇನೆ. ಇದೊಂದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

“ಫಕೀರಪ್ಪ, ನಾಲ್ಕೂ ಮೂಲಿ ಗಿಡಕ್ಕ ಒಂದೊಂದು ಪಟ್ಟಿ ಸುಣ್ಣ ಎಳೀ. ಮಳಿ ಬಂದ್ರ ತೊಳಕೊಂಡು ಹೋಗತೈತಿ, ಮುಂದ ನೋಡೂಣು.”

ಅವನು ಮನೆಗೆ ಹೋಗಿ ಸುಣ್ಣದ ಗಡಿಗೆ ತಂದ. ಹಚ್ಚುತ್ತ ಕೇಳಿದ, “ಯಾಕ್ರಿ ಸಾಬ್ರ, ಇವು ಏನು ಹೆಚ್ಚಿನ ಗಿಡ ಏನ್ರಿ?”

“ಇವು ನಮ್ಮ ಗಿಡ,” ಎಂದೆ ನಾನು. ತಮಾಷೆಗೆ ಆಡಿದ ಮಾತು, ಆದರೆ ಅವನು ಅದನ್ನು ತಮಾಷೆಯೆಂದು ತಿಳಿಯಲಿಲ್ಲ.

ಕೆಲವು ವರ್ಷ ಕಳೆದು ಮೂರನೇ ಸಲ ಹೋದೆ. ದೇಶಪಾಂಡೆ ಸಾಹೇಬರು ನಿವೃತ್ತರಾಗಿದ್ದರು, ದಿಕ್ಸೂಚಿ ಹೋಗಿ ಕೈಯಲ್ಲಿ ಜಿಪಿಎಸ್ ಬಂದಿತ್ತು. ಗುಡ್ಡ ಏರಿದರೆ ಗುರುತು ಹತ್ತಲಿಲ್ಲ. ಸುತ್ತ ಕಾಡು ತೆಳುವಾಗಿತ್ತು. ಉರುವಲಿಗೆಂದು, ಗೂಟಕ್ಕೆಂದು, ಮನೆಯ ತೊಲೆಗೆಂದು ಒಂದೊಂದೇ ಕಡಿದು ಮೋಟು ಉಳಿದಿದ್ದವು, ಅವುಗಳ ನಡುವೆ ಲಂಟಾನ ಹಬ್ಬಿತ್ತು. ನಡುವೆ ಒಂದು ಚೌಕ ಮಾತ್ರ ಹಾಗೇ ನಿಂತಿತ್ತು. ನಾಲ್ಕು ಮೂಲೆಯ ಮರಗಳಿಗಷ್ಟೇ ಅಲ್ಲ, ಒಳಗಿನ ಪ್ರತಿಯೊಂದು ಮರಕ್ಕೂ ಬೆಳ್ಳನೆಯ ಸುಣ್ಣದ ಪಟ್ಟಿ ಇತ್ತು.

ಪ್ರತಿ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚಿ ಉಳಿದದ್ದನ್ನು ಫಕೀರಪ್ಪ ಇಲ್ಲಿಗೆ ತರುತ್ತಿದ್ದನಂತೆ. ಊರವರು ಇವು ಸರಕಾರದ ನಂಬರಿನ ಗಿಡ, ಮುಟ್ಟಿದರೆ ಕೇಸು ಎಂದು ಸುಮ್ಮನಿದ್ದರಂತೆ. ಅವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ನಾನು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದೆ.

“ಇನ್ನ ಮುಂದ ಹಚ್ಚಬ್ಯಾಡ ಫಕೀರಪ್ಪ.”

“ಯಾಕ್ರಿ? ಗಿಡ ಉಳದ್ವಲ್ಲ?”

“ಉಳದದ್ದs ತಪ್ಪಾತು. ಇದು ಕಾನೂನಿಗೆ ವಿರುದ್ಧ ಐತಿ. ಯಾರರೆ ನೋಡಿದ್ರ ಇಬ್ಬರ ನೌಕರಿಗೂ ಕುತ್ತು.”

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತಾಳ್ಮೆ ನನಗಿರಲಿಲ್ಲ. ಕುಳಿತು ಅಮರಗೋಳದ ಕಡಲೆ ಚೀಲದ ಕತೆಯನ್ನಾದರೂ ಹೇಳಬಹುದಿತ್ತು. ಹೆದರಿದ್ದೆ, ಅದಕ್ಕೆ ಹೆದರಿಸಿ ಮಾತು ಮುಗಿಸಿದೆ.

ನಿಯಮದ ಪ್ರಕಾರ ಅಲ್ಲಿಯೇ ಹಾಳೆಯ ಮೇಲೆ ‘ಚೌಕ ಕೆಟ್ಟಿದೆ’ ಎಂದು ಬರೆದು, ನನ್ನ ತಪ್ಪನ್ನು ತಿಳಿಸಿ, ಗೂಟ ಕಿತ್ತು ಬರಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಮರಗಳನ್ನು ಅಳೆದು, ಎಲ್ಲವೂ ಇವೆ, ಎಲ್ಲವೂ ದಪ್ಪವಾಗಿವೆ ಎಂದು ತುಂಬಿದೆ. ಆ ಚೌಕ ಸುತ್ತಲಿನ ಮೋಟುಗಳ ಪರವಾಗಿ, ನಾವು ಚೆನ್ನಾಗಿದ್ದೇವೆ ಎಂದು ಸಾಕ್ಷಿ ಹೇಳಿತು. ಕಚೇರಿಯಲ್ಲಿ ಹೊಸ ಸಾಹೇಬರು ಹಾಳೆ ನೋಡಿ, “ಭೇಷ್, ನಿಮ್ಮ ಕಡೆ ಕಾಡು ಚೇತರಿಸಿಕೊಂಡಿದೆ,” ಎಂದರು. ಚಹಾ ತರಿಸಿದರು. ಕುಡಿದೆ.

ಯಾಕೆ ಮುಚ್ಚಿಟ್ಟೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆಸರು ಕೆಡುತ್ತದೆಂಬ ಹೆದರಿಕೆ ಇತ್ತು. ಫಕೀರಪ್ಪನ ದಿನಗೂಲಿ ತಪ್ಪೀತು ಎಂದೂ ಇತ್ತು. ಎಲ್ಲಕ್ಕಿಂತ ದೊಡ್ಡದಾಗಿ, ಪಟ್ಟಿಯಿಂದ ಚೌಕ ಹೋದರೆ ಅಲ್ಲಿಗೆ ಮತ್ತೆ ಹೋಗಲು ನನಗೆ ಕಾರಣವೇ ಉಳಿಯುವುದಿಲ್ಲ ಎಂಬುದಿತ್ತು. ತಮಾಷೆ ಎಂದರೆ, ಅದಾದ ಮೇಲೆ ನನ್ನನ್ನು ಬೇರೆ ಭಾಗಕ್ಕೆ ಹಾಕಿದರು. ಫಕೀರಪ್ಪನಿಗೂ ನಮ್ಮ ಕೆಲಸ ಮುಗಿಯಿತು. ಹೋದ ವರ್ಷ ಅವನು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣಾಗಿ ತಿಂಗಳ ಮೇಲೆ.

ಇಷ್ಟನ್ನೂ ಮೊನ್ನೆ ರೇಣುಕಾಳಿಗೆ ಫೋನಿನಲ್ಲಿ ಹೇಳಿದೆ. ತರಬೇತಿಯ ದಿನ ನಂಬರು ಕೊಟ್ಟಿದ್ದಳು. ಅವಳು ಪೂರ್ತಿ ಕೇಳಿಸಿಕೊಂಡು, “ಆ ಚೌಕ ನಮ್ಮ ತಂಡದ ಪಟ್ಟ್ಯಾಗ ಐತ್ರಿ ಸರ್. ಗುರುವಾರ ಹೊಂಟೇವಿ. ನೀವೂ ಬರ್ರಿ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಗುರುವಾರ ಜೀಪಿನಲ್ಲಿ ಹೋದೆವು. ಕೈಯಲ್ಲಿನ ಟ್ಯಾಬು ದಾರಿ ತೋರಿಸಿತು. ನಾವು ಮೂರು ದಿನ ಹುಡುಕಿದ ಜಾಗವನ್ನು ಅವಳು ಹಳ್ಳಿ ಬಿಟ್ಟ ಅರ್ಧ ಗಂಟೆಯಲ್ಲಿ ಮುಟ್ಟಿದಳು. ಖುಷಿಪಡಬೇಕಾದ ವಿಷಯ, ನನಗೆ ಹೊಟ್ಟೆಕಿಚ್ಚಾಯಿತು. ಜೀಪಿನ ಸದ್ದು ಕೇಳಿ ಫಕೀರಪ್ಪನ ಹೆಂಡತಿ ಬಸವ್ವ ನಮ್ಮ ಹಿಂದೆಯೇ ಗುಡ್ಡ ಏರಿ ಬಂದಳು. ನಡು ಬಾಗಿತ್ತು, ಆದರೆ ನನಗಿಂತ ಮೊದಲು ಮೇಲೆ ಮುಟ್ಟಿದಳು.

ಚೌಕ ನಿಂತಿತ್ತು. ಹೊನ್ನೆ ಮರವನ್ನು ತಬ್ಬಿದರೆ ನನ್ನ ಕೈಗೆ ಕೈ ಕೂಡಲಿಲ್ಲ. ಮರಗಳ ಮೇಲೆ ಸುಣ್ಣದ ಪಟ್ಟಿ ಇನ್ನೂ ಇತ್ತು, ಮಾಸಿದರೂ ಹಳೆಯದಲ್ಲ.

ರೇಣುಕಾ ಸುತ್ತ ಒಂದು ಸಲ ತಿರುಗಿ ಬಂದಳು. ಮೋಟುಗಳ ನಡುವೆ ಲಂಟಾನ ಇನ್ನೂ ದಟ್ಟವಾಗಿತ್ತು. ಟ್ಯಾಬಿನ ಮೇಲೆ ಬೆರಳು ಇಟ್ಟು, “ಕೈಬಿಡಾಕ ಕಾರಣ ಕೇಳತೈತ್ರಿ ಸರ್. ಬೆಂಕಿ, ಒತ್ತುವರಿ, ಇತರೆ,” ಎಂದಳು.

“ಇತರೆ ಹಾಕವ್ವಾ.”

“ಇತರೆ ಅಂದ್ರ ವಿವರ ಬರೀಬೇಕ್ರಿ.”

ನಾನು ಹೇಳುತ್ತ ಹೋದೆ, ಅವಳು ಬರೆದಳು: ಹಿಂದಿನ ತಂಡದ ಮುಖ್ಯಸ್ಥ ಇಮಾಮಸಾಬ ಈ ಚೌಕದ ಮರಗಳಿಗೆ ಗುರುತು ಮಾಡಿಸಿದ್ದರಿಂದ ಜನ ಇವನ್ನು ಕಡಿದಿಲ್ಲ. ಆತ ಅದನ್ನು ತಿಳಿದೂ ಮುಚ್ಚಿಟ್ಟು ಕೊಟ್ಟ ಹಿಂದಿನ ಅಳತೆಯನ್ನೂ ಲೆಕ್ಕದಿಂದ ತೆಗೆಯಬೇಕು.

ಹೆಸರಿನ ಹತ್ತಿರ ಅವಳ ಬೆರಳು ನಿಂತಿತ್ತು. “ಹೆಸರು ಬ್ಯಾಡ ಬಿಡ್ರಿ ಸರ್. ಈಗ ಯಾರ ಕೇಳ್ತಾರ.”

“ನೀ ಕೇಳಿದ್ದೆಲ್ಲವ್ವಾ. ಎಲ್ಲಾರ ಮುಂದ ನಿನಗ ಸುಳ್ಳು ಹೇಳೇನಿ. ಇರಲಿ, ಬರಿ.”

ಬರೆದು ಕಳಿಸಿದಳು. ಆಮೇಲೆ ತಂಡದವರು ಹಾರೆ ಹಾಕಿ ಗೂಟ ಕಿತ್ತರು. ತುಕ್ಕು ಹಿಡಿದು ಸಣ್ಣಗಾಗಿತ್ತು. ಕಣ್ಣು ತುಂಬಿ ಬಂದು ಒರೆಸಿಕೊಂಡೆ. ಮತ್ತೆ ಇಲ್ಲಿಗೆ ಯಾವ ಸರ್ವೆಯವರೂ ಬರುವುದಿಲ್ಲ, ನಾನಂತೂ ಬರಲಾರೆ.

ಬಸವ್ವ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. “ಲೆಕ್ಕದಾಗಿಂದ ತಗದ್ರೇನ್ರಿ ಸಾಬ್ರ?”

“ತಗದ್ವಿ ಬಸವ್ವಕ್ಕಾ.”

“ಹಂಗಾರ ಸುಣ್ಣ ಹಚ್ಚಿದ್ರ ಈಗೂ ಕೇಸು ಆಗತೈತೇನ್ರಿ?”

“ಏನೂ ಆಗಂಗಿಲ್ಲ. ಲೆಕ್ಕದಾಗ ಇದ್ದಾಗಷ್ಟ ಅದು ತಪ್ಪಿತ್ತು. ಅದೂ ನನ್ನ ತಪ್ಪು, ಅವಂದಲ್ಲ. ಈಗ ನಿಮಗ ಬೇಕಾದಷ್ಟು ಹಚ್ರಿ.”

ಅವಳು ಹೊನ್ನೆ ಮರದ ಕಡೆ ನೋಡಿದಳು. ಸಿಟ್ಟು ಮಾಡಿಕೊಂಡು ಹೇಳಿದ ಮಾತಲ್ಲ, ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿದಳು.

“ಈ ಮಾತು ಅವ್ರು ಇದ್ದಾಗ ಹೇಳಬೇಕಿತ್ತ್ರಿ ನೀವು. ನೀವು ಬ್ಯಾಡ ಅಂದ ಮ್ಯಾಲೂ ಬಿಡಲಿಲ್ಲ ಅವ್ರು. ಯಾರೂ ಏಳೂದ್ರಾಗ ಕದ್ದು ಬಂದು ಹಚ್ಚತಿದ್ರು. ಹೊಳ್ಳಿ ಬರೋಮುಂದ ಹಳ್ಳದಾಗ ಕೈ ತಿಕ್ಕಿ ತಿಕ್ಕಿ ತೊಳಕೊಂಡು ಬರ್ತಿದ್ರು, ಯಾರಿಗರೆ ಗೊತ್ತಾದ್ರ ಸಾಬ್ರ ನೌಕರಿ ಹೋಗತೈತಿ ಅಂತ.”